ಬಯಲುಸೀಮೆಯವರ ಪರ್ವತ

ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದ ಜನ ಗುಂಪುಗುಂಪಾಗಿ ಪೂರ್ವಕ್ಕೆ ನಡೆಯತೊಡಗುತ್ತಾರೆ. ಹಿಂಗಾರಿ ಜೋಳದ ರಾಶಿ ಮುಗಿದು, ಮುಂಗಾರು ಇನ್ನೂ ದೂರವಿರುವ ಕಾಲವದು. ಹೆಗಲಿಗೊಂದು ಚೀಲ, ಅದರಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಹೊದೆಯಲು ಒಂದು ಕಂಬಳಿ. ಗುಂಪಿನ ಮುಂದೆ ಗೆಜ್ಜೆ ಕಟ್ಟಿದ ಮಲ್ಲಯ್ಯನ ಕಂಬಿ. ಯುಗಾದಿಯೊಳಗೆ ಅವರು ಶ್ರೀಶೈಲ ತಲುಪಬೇಕು.

ಹಳೆಯ ತಲೆಮಾರಿನವರ ಬಾಯಲ್ಲಿ ಅದು ಶ್ರೀಶೈಲವಲ್ಲ, ಬರೀ ‘ಪರ್ವತ’. ಡೋಣಿ ಹೊಳೆಯ ಎರೆಭೂಮಿಯಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲನ್ನೇ ಕಂಡವರಿಗೆ ಯಾವ ಪರ್ವತ ಎಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಮಕ್ಕಳಿಗೆ ಮಲ್ಲಪ್ಪ, ಮಲ್ಲಮ್ಮ, ಶ್ರೀಶೈಲ ಎಂದು ಹೆಸರಿಟ್ಟಂತೆಯೇ ಪರ್ವತಪ್ಪ, ಪರ್ವತಗೌಡ ಎಂದೂ ಹೆಸರಿಟ್ಟರು. ಬೆಟ್ಟವೇ ಇಲ್ಲದ ಊರಿನಲ್ಲಿ ಮನೆಗೊಬ್ಬ ಪರ್ವತ!

ಇದರಲ್ಲೊಂದು ಸೋಜಿಗವೂ ಇದೆ. ವಿಜಯಪುರ ನಗರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮಲ್ಲಿಕಾರ್ಜುನನ ದೇಗುಲವಿರುವ ಜಾಗ 500 ಮೀಟರನ್ನೂ ಮುಟ್ಟುವುದಿಲ್ಲ. ಲೆಕ್ಕಕ್ಕೆ ನೋಡಿದರೆ ಯಾತ್ರಿಕರು ಎತ್ತರದಿಂದ ತಗ್ಗಿಗೆ ಹೋಗುತ್ತಾರೆ. ಆದರೆ ರಾಯಚೂರು ದಾಟಿ, 300 ಮೀಟರಿಗೂ ಕೆಳಗಿರುವ ಕರ್ನೂಲಿನ ಬಯಲಿಗೆ ಇಳಿದ ಮೇಲೆ ಎದುರಿಗೆ ಗೋಡೆಯಂತೆ ನಿಲ್ಲುವುದು ನಲ್ಲಮಲ ಬೆಟ್ಟಸಾಲು. ಸಮುದ್ರಮಟ್ಟದ ಲೆಕ್ಕ ನಕ್ಷೆಗೆ ಸರಿ. ನಡೆಯುವ ಕಾಲಿಗೆ ಆ ಗೋಡೆಯೇ ಪರ್ವತ.

ಬಾಗಿಲುಗಳುಳ್ಳ ಬೆಟ್ಟ

ಇಂದು ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಗೆ ಸೇರಿರುವ ಶ್ರೀಶೈಲವನ್ನು ಹಿಂದಿನವರು ನಾಲ್ಕು ಬಾಗಿಲುಗಳ ಕ್ಷೇತ್ರವೆಂದು ಕಲ್ಪಿಸಿಕೊಂಡರು. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಉತ್ತರಕ್ಕೆ ಉಮಾಮಹೇಶ್ವರ, ಪಶ್ಚಿಮಕ್ಕೆ ಆಲಂಪುರ. ಕನ್ನಡ ನಾಡಿನಿಂದ ಹೋಗುವವರಿಗೆ ಎದುರಾಗುವುದು ಪಶ್ಚಿಮದ ಬಾಗಿಲು. ತುಂಗಭದ್ರೆಯ ದಡದ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರು ಏಳು-ಎಂಟನೇ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ದೇವಾಲಯಗಳಿವೆ. ಪಟ್ಟದಕಲ್ಲನ್ನು ನೋಡಿದವರಿಗೆ ಅವು ಹೊಸವೆನಿಸುವುದಿಲ್ಲ.

ಈ ಬಾಗಿಲಿನ ಮಾತು ಚಾಲುಕ್ಯರಿಗಿಂತಲೂ ಹಳೆಯದು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿರುವ ಐದನೇ ಶತಮಾನದ ಕದಂಬ ಶಾಸನ ಮಯೂರಶರ್ಮನ ಕಥೆಯನ್ನು ಹೇಳುತ್ತದೆ. ಕಂಚಿಯಲ್ಲಿ ಅವಮಾನಗೊಂಡ ಆ ವಿದ್ಯಾರ್ಥಿ ಕತ್ತಿ ಹಿಡಿದು, ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ದ್ವಾರದವರೆಗೆ ಹಬ್ಬಿದ ದುರ್ಗಮ ಅರಣ್ಯದಲ್ಲಿ ನೆಲೆ ನಿಂತನೆಂದು ಅದರ ವಿವರಣೆ. ಕನ್ನಡ ನಾಡಿನ ಮೊದಲ ರಾಜವಂಶದ ಮೂಲಪುರುಷ ಬಲ ಕೂಡಿಸಿಕೊಂಡದ್ದು ಈ ಕಾಡಿನಲ್ಲಿ. ಆಮೇಲೆ ಅವನು ಅಲ್ಲಿ ಉಳಿಯಲಿಲ್ಲ. ಪಶ್ಚಿಮಕ್ಕೆ ಬಂದು ರಾಜ್ಯ ಕಟ್ಟಿದ.

ಉಳಿದವರು, ಮರಳಿದವರು

ಕನ್ನಡಿಗರ ನೆನಪಿನಲ್ಲಿ ಪರ್ವತಕ್ಕೆ ಹೋದವರು ಎರಡು ಬಗೆ. ಹೋಗಿ ಅಲ್ಲೇ ಉಳಿದವರು ಒಂದು ಬಗೆ. ಹೋಗಿ ಮರಳಿ ಬಂದವರು ಇನ್ನೊಂದು. ಹನ್ನೆರಡನೇ ಶತಮಾನದ ಅಕ್ಕಮಹಾದೇವಿ ಮೊದಲನೆಯ ಬಗೆಯವಳು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಬಂದ ಅಕ್ಕ ಕದಳಿಯಲ್ಲಿ ಚೆನ್ನಮಲ್ಲಿಕಾರ್ಜುನನೊಡನೆ ಐಕ್ಯಳಾದಳೆಂದು ಪರಂಪರೆ ನಂಬುತ್ತದೆ. ಕೃಷ್ಣೆಯ ದಡದಲ್ಲಿ ಅವಳ ಹೆಸರಿನ ಗವಿಯಿದೆ.

ಎರಡನೆಯ ಬಗೆಗೆ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನೇ ಮಾದರಿ. ಹೊಲ ಕಾಯುತ್ತಿದ್ದ ಮುಗ್ಧ ಹುಡುಗನ ಬಳಿಗೆ ಮಲ್ಲಯ್ಯ ಜಂಗಮನಾಗಿ ಬಂದು ಉಣ್ಣಲು ಕೇಳುತ್ತಾನೆ. ಹುಡುಗ ಮನೆಗೋಡಿ ಮಜ್ಜಿಗೆಯನ್ನ ತರುವಷ್ಟರಲ್ಲಿ ಜಂಗಮ ಇಲ್ಲ. ಮಲ್ಲಯ್ಯನನ್ನು ಕರೆಯುತ್ತ ಅಳುವ ಅವನನ್ನು ದಾರಿಯಲ್ಲಿ ಹೋಗುತ್ತಿದ್ದ ಯಾತ್ರಿಕರು ಶ್ರೀಶೈಲಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಲಿಂಗವನ್ನು ತೋರಿಸಿದರೆ ‘ನನ್ನ ಮಲ್ಲಯ್ಯ ಇವನಲ್ಲ’ ಎನ್ನುತ್ತಾನೆ. ಹುಡುಕಿ ಸೋತು ರುದ್ರಗಡಲ ಎಂಬ ಕಮರಿಗೆ ಹಾರಲು ಹೊರಟಾಗ ಮಲ್ಲಯ್ಯ ಹಿಡಿದೆತ್ತುತ್ತಾನೆ. ಇಲ್ಲಿರಬೇಡ, ಊರಿಗೆ ಹೋಗು ಎಂದು ಕಳುಹಿಸುತ್ತಾನೆ. ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳಿದ ಕಥೆ ಇದು. ಊರಿಗೆ ಮರಳಿದ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಸೊನ್ನಲಿಗೆ ‘ಅಭಿನವ ಶ್ರೀಶೈಲ’ ಎನಿಸಿಕೊಂಡಿತು. ವಿಜಯಪುರದಲ್ಲಿ ಸಂಕ್ರಾಂತಿಯ ಜಾತ್ರೆ ನಡೆಯುವುದೂ ಇದೇ ಸಿದ್ಧೇಶ್ವರನಿಗೆ.

ಈ ಕಥೆಯ ತೂಕ ತಿಳಿಯಬೇಕಾದರೆ ಶ್ರೀಶೈಲದ ಇನ್ನೊಂದು ಕಟ್ಟಡವನ್ನು ನೆನೆಯಬೇಕು. ಕೊಂಡವೀಡಿನ ಅನವೇಮ ರೆಡ್ಡಿ 1377ರಲ್ಲಿ ಅಲ್ಲಿ ವೀರಶಿರೋಮಂಟಪವನ್ನು ಕಟ್ಟಿಸಿದ. ಭಕ್ತಿಯ ಆವೇಶದಲ್ಲಿ ನಾಲಗೆ, ತಲೆಗಳನ್ನು ತಾವೇ ಕತ್ತರಿಸಿಕೊಂಡು ಅರ್ಪಿಸುವ ವೀರರಿಗಾಗಿ ಇದ್ದ ಮಂಟಪವದು. ಪರ್ವತದಲ್ಲಿ ಪ್ರಾಣ ಬಿಡುವುದು ದೊಡ್ಡ ಪುಣ್ಯವೆಂಬ ನಂಬಿಕೆ ಬಲವಾಗಿದ್ದ ನಾಡಿನಲ್ಲಿ, ಹಾರುವವನ ಕೈ ಹಿಡಿದು ಕೆರೆ ಕಟ್ಟಲು ಕಳುಹಿಸುವ ದೇವರ ಕಥೆಯನ್ನು ಕನ್ನಡ ಕವಿ ಹೇಳಿದ. ಹೊಲ-ಮನೆ ಬಿಟ್ಟು ಹದಿನೈದು ದಿನ ನಡೆದು ಮತ್ತೆ ಹೊಲಕ್ಕೇ ಮರಳುವ ರೈತರು ಸಿದ್ಧರಾಮನ ಸಾಲಿನವರು.

ಮೆಟ್ಟಿಲು ಕಟ್ಟಿದವರು

ಯಾತ್ರಿಕರ ಕಾಲು ಸವೆಸಿದ ಹಾದಿಗೆ ಅರಸರು ಕಲ್ಲು ಹಾಸಿದರು. ಅನವೇಮನ ತಂದೆ ಪ್ರೋಲಯ ವೇಮ ರೆಡ್ಡಿ ಬೆಟ್ಟಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದ. ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ, ಎಂದರೆ ಕೆಳಗೆ ಕಣಿವೆಯಲ್ಲಿ ಹರಿಯುವ ಕೃಷ್ಣೆಗೆ, ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. ಕೃಷ್ಣದೇವರಾಯ ರಥಬೀದಿಯಲ್ಲಿ ಮಂಟಪಗಳನ್ನು ನಿಲ್ಲಿಸಿದ. 1677ರಲ್ಲಿ ದಕ್ಷಿಣ ದಿಗ್ವಿಜಯದ ದಾರಿಯಲ್ಲಿ ಶಿವಾಜಿ ಇಲ್ಲಿಗೆ ಬಂದು ಕೆಲಕಾಲ ತಂಗಿದ್ದ. ಉತ್ತರದ ಗೋಪುರ ಅವನ ಹೆಸರಿಗಿದೆ.

1794ರಲ್ಲಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕಾಲಿನ್ ಮೆಕೆಂಜಿ ಕ್ಷೇತ್ರದ ಬಗ್ಗೆ ಒಂದು ಲೇಖನ ಬರೆದ. ಅದರ ಶೀರ್ಷಿಕೆಯಲ್ಲಿ ಅವನು ಊರನ್ನು ಕರೆದದ್ದು ‘ಪರ್ವತಂ’ ಎಂದೇ. ಅದಕ್ಕೂ ಐದು ಶತಮಾನ ಹಿಂದೆ ತೆಲುಗು ಕವಿ ಪಾಲ್ಕುರಿಕೆ ಸೋಮನಾಥ ತನ್ನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಶ್ರೀಶೈಲದ ಭಾಗಕ್ಕೆ ‘ಪರ್ವತ ಪ್ರಕರಣ’ವೆಂದು ಹೆಸರಿಟ್ಟಿದ್ದ. ಹೀಗೆ ಬಯಲುಸೀಮೆಯ ರೈತನ ಬಾಯಲ್ಲಿ ಉಳಿದಿರುವ ಹೆಸರು ಅಪಭ್ರಂಶವಲ್ಲ, ಕ್ಷೇತ್ರದ ಹಳೆಯ ಹೆಸರೇ.

ಅಳಿಯನ ಊರಿಗೆ

ವಿಜಯಪುರದಿಂದ ಶ್ರೀಶೈಲಕ್ಕೆ ನಡೆಯುವ ದಾರಿ ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ್ದು. ಹದಿನೈದು ದಿನದಲ್ಲಿ ಮುಟ್ಟಬೇಕಾದರೆ ದಿನಕ್ಕೆ ಮೂವತ್ತು ಕಿಲೋಮೀಟರಿನ ಹತ್ತಿರ ನಡೆಯಬೇಕು. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ದಾರಿಯುದ್ದಕ್ಕೂ ಊರವರು ನೀರು, ಮಜ್ಜಿಗೆ, ಅನ್ನ ಇಟ್ಟುಕೊಂಡು ಕಾಯುತ್ತಾರೆ. ಭಾಷೆ ಕನ್ನಡದಿಂದ ತೆಲುಗಿಗೆ ತಿರುಗಿದರೂ ದಾಸೋಹ ನಿಲ್ಲುವುದಿಲ್ಲ.

ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದ ಮೇಲೆ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೊನೆಗೆ ಕೈಲಾಸ ದ್ವಾರ. ಭೀಮನ ಕೊಳ್ಳದ ಕಮರಿಗಿಳಿದು ಮತ್ತೆ ಏರುವಾಗ ಹದಿನಾಲ್ಕು ದಿನದ ನಡಿಗೆ ಒಂದು, ಈ ಏರು ಒಂದು ಎನಿಸುತ್ತದೆ. ಈ ಕಾಡು ಚೆಂಚು ಬುಡಕಟ್ಟಿನವರ ಮನೆ. ಅವರಿಗೆ ಮಲ್ಲಿಕಾರ್ಜುನ ‘ಚೆಂಚು ಮಲ್ಲಯ್ಯ’. ಬೇಟೆಗೆ ಬಂದು ತಮ್ಮ ಹುಡುಗಿಯನ್ನು ಮದುವೆಯಾದ ಅಳಿಯ. ಕನ್ನಡಿಗರೂ ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು, ಮಲ್ಲಯ್ಯನನ್ನು ಅಳಿಯನೆಂದು ಭಾವಿಸುತ್ತಾರೆ. ಯುಗಾದಿಗೆ ಅವಳಿಗೆ ಸೀರೆ, ಬಳೆ, ಅರಿಷಿಣ-ಕುಂಕುಮ ತರುವುದು ತವರಿನವರ ಕರ್ತವ್ಯ. ಕಾಡಿನವರಿಗೂ ಬಯಲಿನವರಿಗೂ ಒಬ್ಬನೇ ಅಳಿಯ!

ಹಬ್ಬದ ಹಿಂದಿನ ದಿನ ಅಗ್ನಿಗುಂಡ, ಯುಗಾದಿಯಂದು ರಥೋತ್ಸವ. ಅದು ಮುಗಿಯಿತೆಂದರೆ ಜನ ಊರಿನತ್ತ ಮುಖ ಮಾಡುತ್ತಾರೆ.

ಹಾದಿಯ ಮುಂದಿನ ದಿನಗಳು

ಈ ಹಾದಿ ಹಿಂದಿನಂತೆಯೇ ಉಳಿದಿಲ್ಲ. ಬಬಲೇಶ್ವರದ ದಕ್ಷಿಣಕ್ಕೆ ಹರಿಯುವ ಕೃಷ್ಣೆಯೇ ಶ್ರೀಶೈಲದ ಪಾತಾಳಗಂಗೆ. ಇಲ್ಲಿ ಆಲಮಟ್ಟಿಯಲ್ಲಿ ನಿಂತಂತೆ ಅಲ್ಲೂ ಅಣೆಕಟ್ಟಿನ ಹಿಂದೆ ಅದು ನಿಂತಿದೆ. 1980ರ ದಶಕದ ಆರಂಭದಲ್ಲಿ ತುಂಬಿದ ಶ್ರೀಶೈಲ ಜಲಾಶಯ ಅನೇಕ ಹಳ್ಳಿಗಳನ್ನೂ ಗುಡಿಗಳನ್ನೂ ಮುಳುಗಿಸಿತು. ಕೂಡವೆಲ್ಲಿಯ ಸಂಗಮೇಶ್ವರ ದೇಗುಲವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ಸಾಗಿಸಬೇಕಾಯಿತು. ಮೋಟಾರು ರಸ್ತೆ ದೋರ್ನಾಲದ ಕಡೆಯಿಂದ ಬೆಟ್ಟ ಹತ್ತಿತು. ವಿಜಯಪುರದಲ್ಲಿ ರಾತ್ರಿ ಬಸ್ಸು ಹತ್ತಿದವರು ಮರುದಿನ ದರ್ಶನ ಪಡೆಯಬಹುದು. ಪಶ್ಚಿಮದ ಕಾಡುಹಾದಿ ನಡೆಯುವವರಿಗಷ್ಟೇ ಉಳಿಯಿತು.

ಆ ಕಾಡು 1983ರಿಂದ ನಾಗಾರ್ಜುನಸಾಗರ-ಶ್ರೀಶೈಲ ಹುಲಿ ರಕ್ಷಿತಾರಣ್ಯ. ದೇಶದ ಅತಿ ವಿಶಾಲ ಹುಲಿ ಅರಣ್ಯಗಳಲ್ಲೊಂದು. ಶಿವರಾತ್ರಿ ಮತ್ತು ಯುಗಾದಿಯ ದಿನಗಳಲ್ಲಿ ಮಾತ್ರ ಯಾತ್ರಿಕರಿಗೆ ಹಾದಿ ತೆರೆಯುತ್ತದೆ. ಬೇಸಿಗೆಯ ಆರಂಭದ ಆ ದಿನಗಳಲ್ಲಿ ಎಲೆ ಒಣಗಿರುತ್ತದೆ, ನೀರು ಕಡಿಮೆಯಿರುತ್ತದೆ. ಬಿಸಾಡಿದ ಒಂದು ಬೀಡಿ ಬೆಂಕಿ ಹಚ್ಚಬಲ್ಲದು. ಎಸೆದ ಪ್ಲಾಸ್ಟಿಕ್ ಯಾತ್ರಿಕರು ಹೋದ ಮೇಲೂ ಕಾಡಿನಲ್ಲೇ ಉಳಿಯುತ್ತದೆ. ನಡೆಯುವವರು ಇಲ್ಲವಾದರೆ ಹಾದಿ ಮುಚ್ಚಿಹೋಗುತ್ತದೆ. ಅವರು ಎಚ್ಚರ ತಪ್ಪಿದರೆ ಕಾಡೇ ಕೆಡುತ್ತದೆ. ಕಟಕ ರೊಟ್ಟಿಯ ಕಾಲದ ಯಾತ್ರಿಕ ಕಾಡಿನಲ್ಲಿ ಬಿಟ್ಟು ಬರುತ್ತಿದ್ದುದು ಹೆಜ್ಜೆ ಗುರುತನ್ನು ಮಾತ್ರ. ಆ ಶಿಸ್ತು ಉಳಿದರೆ ಹಾದಿಯೂ ಉಳಿದೀತು.

ಕಂಬಿ ಊರಿಗೆ ಮರಳಿದ ಮೇಲೆ ಐದೇಶಿ ನಡೆಯುತ್ತದೆ. ಪರ್ವತಕ್ಕೆ ಹೋಗಲಾಗದವರೂ ಅಂದು ಪ್ರಸಾದ ಉಣ್ಣುತ್ತಾರೆ. ಆಮೇಲೆ ಕಂಬಿ ಗುಡಿ ಸೇರುತ್ತದೆ, ಕಂಬಿ ಹೊತ್ತವರು ಮುಂಗಾರಿಗೆ ಹೊಲ ಹದ ಮಾಡಲು ತೊಡಗುತ್ತಾರೆ.