ಕಾಗದದಲ್ಲೇ ಉಳಿದ ಕೆನರಾ ನೌಕಾಪಡೆ: 1796ರ ಯುದ್ಧನೌಕಾ ಯೋಜನೆ

ಕುಮಟಾ ತಾಲ್ಲೂಕಿನ ಮಿರ್ಜಾನ್ ಇಂದು ಕೋಟೆಯ ಕಾರಣದಿಂದ ಪ್ರಸಿದ್ಧ. ಆದರೆ ಎರಡು ಶತಮಾನಗಳ ಹಿಂದೆ ಅಘನಾಶಿನಿ ತೀರದ ಈ ಪ್ರದೇಶ ಸಾಗರ ಸಮರಕ್ಕೆ ಸಜ್ಜಾದ ದೊಡ್ಡ ಹಡಗುಗಳ ನಿರ್ಮಾಣ ಕೇಂದ್ರವಾಗಬೇಕಿತ್ತು. 1796ರಲ್ಲಿ ಟಿಪ್ಪು ಸುಲ್ತಾನ್ ಹೊರಡಿಸಿದ ಆಜ್ಞೆ 40 ಯುದ್ಧನೌಕೆಗಳ ಪಡೆಯೊಂದನ್ನು ಕಲ್ಪಿಸಿತ್ತು. ಮಂಗಳೂರು, ಮಿರ್ಜಾನ್ ಹೊಳೆಯ ಪ್ರದೇಶ ಮತ್ತು ಕಾರವಾರದ ಬಳಿಯ ಸದಾಶಿವಗಡ ಅದರ ಮೂರು ನೆಲೆಗಳು. ಆ ಪ್ರಮಾಣದ ಪಡೆ ಕಡಲಿಗಿಳಿಯಲಿಲ್ಲ. ಅದೇಕೆ ಎಂಬ ಪ್ರಶ್ನೆಗೆ ಉತ್ತರ ಹಡಗಿನ ನಕ್ಷೆಯಲ್ಲಿಲ್ಲ. ಕಾಡು, ಕಾಲ ಮತ್ತು ಜನರಲ್ಲಿದೆ.

ಹಿನ್ನೆಲೆ

ಉತ್ತರ ಕನ್ನಡದ ಬಂದರುಗಳಿಗೆ ಯುದ್ಧನೌಕೆಗಳು ಹೊಸತಾಗಿರಲಿಲ್ಲ. 1505ರಲ್ಲಿ ಪೋರ್ಚುಗೀಸರು ಹೊನ್ನಾವರದಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿಯಿಟ್ಟಿದ್ದರು. 1510ರಲ್ಲಿ ಅದೇ ಹೊನ್ನಾವರದ ತಿಮ್ಮೋಜ ತನ್ನ ನಾವಿಕರೊಂದಿಗೆ ಅಲ್ಬುಕರ್ಕನ ಜೊತೆಗೂಡಿ ಗೋವಾ ವಶಪಡಿಸಿಕೊಳ್ಳಲು ನೆರವಾದನು.

1763ರಲ್ಲಿ ಬಿದನೂರು ಹೈದರ್ ಅಲಿಯ ವಶವಾದಾಗ ಅದರೊಂದಿಗೆ ಕರಾವಳಿಯೂ ಮೈಸೂರಿಗೆ ಸೇರಿತು. ಹೊನ್ನಾವರ, ಮಂಗಳೂರುಗಳಲ್ಲಿ ಹಡಗು ಕಟ್ಟುವ ಕಾರ್ಯ ಚುರುಕುಗೊಂಡಿತು. ಭಟ್ಕಳದಲ್ಲಿ ಯುರೋಪಿನ ಇಂಜಿನಿಯರನೊಬ್ಬನ ನೆರವಿನಿಂದ ನೌಕಾನೆಲೆ ನಿರ್ಮಿಸುವ ಪ್ರಯತ್ನವೂ ನಡೆಯಿತು. ಆದರೆ ಹೈದರನು ನೌಕಾಪಡೆಗೆ ಕುದುರೆ ಸೈನ್ಯದ ಅಧಿಕಾರಿ ಲುತ್ಫ್ ಅಲಿ ಬೇಗನನ್ನು ಮುಖ್ಯಸ್ಥನನ್ನಾಗಿ ಮಾಡಿದ್ದರಿಂದ ನಾವಿಕ ನಾಯಕರಲ್ಲಿ ಅಸಮಾಧಾನ ಮೂಡಿತು. 1768ರಲ್ಲಿ ಬ್ರಿಟಿಷರು ದಾಳಿ ಮಾಡಿದಾಗ ಅವರಲ್ಲಿ ಹಲವರು ಪಕ್ಷಾಂತರ ಮಾಡಿದರು. ಮತ್ತೆ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ನಾಶಪಡಿಸಿದನು. 1783ರ ಜನವರಿಯಲ್ಲಿ ಹೊನ್ನಾವರವೂ ಬ್ರಿಟಿಷರ ಕೈಸೇರಿತು. 1784ರ ಮಂಗಳೂರು ಒಪ್ಪಂದದ ನಂತರವಷ್ಟೇ ಅದು ಮೈಸೂರಿಗೆ ಮರಳಿತು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಬಿಟ್ಟುಕೊಡಬೇಕಾಯಿತು. ಮಲಬಾರ್ ಕೈತಪ್ಪಿತು. ಉಳಿದ ಕಡಲತೀರವೆಂದರೆ ಕೆನರಾ ಮಾತ್ರ. ಹೊಸ ಯೋಜನೆಯ ಮೂರೂ ನೆಲೆಗಳು ಇಲ್ಲಿಯೇ ಇದ್ದುದಕ್ಕೆ ಕಾರಣ ಇದೇ.

ಯೋಜನೆಯ ಸ್ವರೂಪ

ನಲವತ್ತರಲ್ಲಿ 20 ನೌಕೆಗಳು ‘ಸಮರ ಸಾಲಿನ’ ದೊಡ್ಡ ಹಡಗುಗಳು. ಉಳಿದ 20 ಫ್ರಿಗೇಟ್‌ಗಳು. ದೊಡ್ಡ ಹಡಗುಗಳು ಒಂದರ ಹಿಂದೊಂದು ಸಾಲಾಗಿ ಸಾಗುತ್ತ, ಪಕ್ಕದ ತೋಪುಗಳಿಂದ ಏಕಕಾಲಕ್ಕೆ ಗುಂಡು ಹಾರಿಸುವುದು ಅಂದಿನ ಯುರೋಪಿನ ಯುದ್ಧಕ್ರಮ. ಇಂತಹ ಹಡಗಿಗೆ 72 ತೋಪುಗಳವರೆಗೆ ನಿಗದಿಯಾಗಿತ್ತು. ಚಿಕ್ಕದಾದರೂ ವೇಗವಾಗಿ ಸಾಗುವ ಫ್ರಿಗೇಟ್‌ಗಳದು ಗಸ್ತು ಮತ್ತು ಬೇಹಿನ ಕೆಲಸ. ಹಡಗುಗಳ ಮಾದರಿಗಳನ್ನು ಸ್ವತಃ ಟಿಪ್ಪುವೇ ಒದಗಿಸಿದ್ದನು. ಆಡಳಿತಕ್ಕೆ 11 ಮಂದಿ ‘ಮೀರ್ ಯಮ್’ಗಳ ಮಂಡಳಿ, ಅವರ ಕೆಳಗೆ 30 ಮಂದಿ ‘ಮೀರ್ ಬಹರ್’ಗಳು ಎಂಬ ವ್ಯವಸ್ಥೆಯಿತ್ತು. ಈ ಆಜ್ಞೆಯ ವಿವರ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ವಿಲಿಯಂ ಕರ್ಕ್‌ಪ್ಯಾಟ್ರಿಕನ ಟಿಪ್ಪು ಪತ್ರಸಂಗ್ರಹದಲ್ಲಿ ದೊರೆಯುತ್ತದೆ.

ಮರ, ನೀರು ಮತ್ತು ಕಾಲ

ತೋಪು ಹೆಚ್ಚಿದಷ್ಟೂ ಒಡಲು ಹಿಗ್ಗಬೇಕು. ಒಡಲು ಹಿಗ್ಗಿದಷ್ಟೂ ಮರ, ಹಗ್ಗ, ನಾವಿಕರು ಹೆಚ್ಚು ಬೇಕು. 24 ಪೌಂಡ್ ತೂಕದ ಗುಂಡು ಹಾರಿಸುವ ಒಂದು ತೋಪೇ ಸುಮಾರು ಎರಡೂವರೆ ಟನ್ ತೂಗುತ್ತಿತ್ತು. ಹಡಗು ವಾಲದಂತೆ ಭಾರದ ತೋಪುಗಳನ್ನು ಕೆಳ ಅಂತಸ್ತಿನಲ್ಲಿಯೇ ಇಡಬೇಕಿತ್ತು. ಈ ದರ್ಜೆಯ ಒಂದು ಹಡಗಿಗೆ ಎರಡು ಸಾವಿರ ಮರಗಳು ಬೇಕೆಂಬುದು ಯುರೋಪಿನ ರೂಢಿಯ ಲೆಕ್ಕ. ಅದರಂತೆ 20 ದೊಡ್ಡ ಹಡಗುಗಳಿಗೇ 40 ಸಾವಿರ ಮರಗಳು ಬೇಕಾಗುತ್ತವೆ.

ಘಟ್ಟದ ಕಾಡಿನಲ್ಲಿ ಉತ್ತಮ ಸಾಗುವಾನಿಗೆ ಕೊರತೆಯಿರಲಿಲ್ಲ. ಕೂವೆಮರಕ್ಕೆ ಸುರಹೊನ್ನೆಯ ಜಾತಿಗೆ ಸೇರಿದ ಪೂನ್ ಮರ, ಹಗ್ಗಕ್ಕೆ ತೆಂಗಿನ ನಾರು ಸಮೀಪದಲ್ಲಿಯೇ ಲಭ್ಯವಿದ್ದವು. ಆದರೆ ಹಸಿ ಸಾಗುವಾನಿ ನೀರಿನಲ್ಲಿ ತೇಲುವುದಿಲ್ಲ. ಮರದ ಬುಡದ ಸುತ್ತ ತೊಗಟೆ ಕೆತ್ತಿ, ನಿಂತಲ್ಲಿಯೇ ಎರಡು-ಮೂರು ವರ್ಷ ಒಣಗಲು ಬಿಟ್ಟು, ನಂತರ ಕಡಿದು ಹೊಳೆಯಲ್ಲಿ ತೇಲಿಬಿಡುವುದು ವಾಡಿಕೆ. 1796ರಲ್ಲಿ ಗುರುತು ಹಾಕಿದ ಮರ ಹಡಗುಕಟ್ಟೆ ತಲುಪುವ ವೇಳೆಗೆ 1799 ಬಂದಿರುತ್ತಿತ್ತು. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು.

ನೀರಿನ ಆಳವೂ ತೊಡಕಾಗಿತ್ತು. ಸುಮಾರು 70 ತೋಪುಗಳ ಹಡಗು ಆರು ಮೀಟರಿಗೂ ಆಳಕ್ಕೆ ಮುಳುಗಿ ತೇಲುತ್ತದೆ. ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ ಮರಳಿನ ದಿಬ್ಬಗಳಿದ್ದು, ಮಚವೆ, ಮಂಜಿಗಳಿಗೆ ಸಲೀಸಾದ ದಾರಿ ಇಂತಹ ಹಡಗುಗಳಿಗೆ ಸಲೀಸಲ್ಲ.

ಜರ್ಮನಿಯ ನಿದರ್ಶನ

ನಕ್ಷೆಗೂ ನೌಕಾಪಡೆಗೂ ನಡುವಿನ ಈ ಅಂತರ ಉಕ್ಕಿನ ಯುಗದಲ್ಲಿಯೂ ಕಂಡುಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ ಮತ್ತು ಜರ್ಮನಿ ಪೈಪೋಟಿಯಿಂದ ಬ್ಯಾಟಲ್‌ಕ್ರೂಸರ್‌ಗಳನ್ನು, ಅಂದರೆ ದೊಡ್ಡ ಫಿರಂಗಿ ಮತ್ತು ಹೆಚ್ಚಿನ ವೇಗವುಳ್ಳ ಸಮರನೌಕೆಗಳನ್ನು ನಿರ್ಮಿಸಿದವು. ಫಿರಂಗಿ, ಕವಚ, ವೇಗ ಈ ಮೂರರಲ್ಲಿ ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ತಗ್ಗಿಸಬೇಕಿತ್ತು. ಇಲ್ಲವೇ ಹಡಗನ್ನೇ ಹಿಗ್ಗಿಸಬೇಕಿತ್ತು. ಬ್ರಿಟನ್ನಿನ ‘ಇಂಡಿಫ್ಯಾಟಿಗಬಲ್’ 305 ಮಿ.ಮೀ. ಫಿರಂಗಿ ಮತ್ತು 152 ಮಿ.ಮೀ. ಪಕ್ಕದ ಕವಚ ಹೊಂದಿತ್ತು. 1910ರಲ್ಲಿ ಸೇವೆಗೆ ಸೇರಿದ ಜರ್ಮನಿಯ ‘ಫಾನ್ ಡೆರ್ ಟಾನ್’ 280 ಮಿ.ಮೀ. ಫಿರಂಗಿಗೆ ತೃಪ್ತಿಪಟ್ಟು 250 ಮಿ.ಮೀ. ಕವಚ ಧರಿಸಿತ್ತು. 1916ರ ಮೇ 31ರಂದು ಜಟ್‌ಲೆಂಡ್ ಕದನದಲ್ಲಿ ಇವೆರಡೂ ಮುಖಾಮುಖಿಯಾದಾಗ ‘ಇಂಡಿಫ್ಯಾಟಿಗಬಲ್’ ಸ್ಫೋಟಗೊಂಡು ಮುಳುಗಿತು. ಏಟು ತಿಂದರೂ ಜರ್ಮನ್ ಹಡಗು ಬಂದರಿಗೆ ಮರಳಿತು.

ಆದರೆ ವಿನ್ಯಾಸದಲ್ಲಿ ಗೆದ್ದ ಜರ್ಮನಿ ನಿರ್ಮಾಣದಲ್ಲಿ ಸೋತಿತು. ಮುಂದಿನ ‘ಮಾಕೆನ್‌ಸೆನ್’ ವರ್ಗದ ನಾಲ್ಕು ಹಡಗುಗಳ ಕೆಲಸ ಆರಂಭವಾದರೂ ಯುದ್ಧದ ಅವಧಿಯಲ್ಲಿ ನೀರಿಗಿಳಿದವು ಎರಡೇ. ಉಕ್ಕು ಮತ್ತು ಕಾರ್ಮಿಕರು ಜಲಾಂತರ್ಗಾಮಿಗಳ ಪಾಲಾದರು. ನಾಲ್ಕರಲ್ಲಿ ಒಂದೂ ಸೇವೆಗೆ ಸೇರಲಿಲ್ಲ.

ಅಸಾಧ್ಯವಾಗಿರಲಿಲ್ಲ

ಪಶ್ಚಿಮ ಕರಾವಳಿಯ ಸಾಗುವಾನಿಯಿಂದ ಇಂತಹ ನೌಕೆ ಕಟ್ಟಬಹುದೆಂಬುದು ಬೇಗನೆ ಸಾಬೀತಾಯಿತು. 1810ರಲ್ಲಿ ಮುಂಬಯಿಯ ವಾಡಿಯಾ ಮನೆತನದ ಹಡಗು ಶಿಲ್ಪಿಗಳು 74 ತೋಪುಗಳ ‘ಮಿಂಡೆನ್’ ನೌಕೆಯನ್ನು ಬ್ರಿಟಿಷ್ ನೌಕಾದಳಕ್ಕಾಗಿ ನೀರಿಗಿಳಿಸಿದರು. ಅವರೇ 1817ರಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಸಾಗುವಾನಿ ಫ್ರಿಗೇಟ್ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಅಲ್ಲಿ ಇದ್ದು ಮೈಸೂರಿಗೆ ಇಲ್ಲದಿದ್ದುದು ತಲೆಮಾರುಗಳಿಂದ ಅದೇ ಕಸುಬಿನಲ್ಲಿ ಪಳಗಿದ ಕುಶಲಕರ್ಮಿಗಳ ಹಡಗುಕಟ್ಟೆ ಮತ್ತು ಯುದ್ಧದ ಭೀತಿಯಿಲ್ಲದೆ ಕೆಲಸ ಮಾಡುವಷ್ಟು ವರ್ಷಗಳು.

1799ರ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟಿತು. ಈ ಕರಾವಳಿಗೆ ದೊಡ್ಡ ನೌಕಾನೆಲೆ ದೊರೆಯಲು ಎರಡು ಶತಮಾನಗಳು ಬೇಕಾದವು. ‘ಸೀಬರ್ಡ್’ ಯೋಜನೆಗೆ 1986ರಲ್ಲಿ ಶಿಲಾನ್ಯಾಸ ನಡೆದು, 2005ರ ಮೇ 31ರಂದು ಕಾರವಾರದ ಬಳಿ ಐಎನ್ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿತು. ಹೊಳೆಯ ಒಳಗಿನ ದಡವನ್ನು ಬಿಟ್ಟು, ಕಡಲಿಗೆ ನೇರವಾಗಿ ತೆರೆದುಕೊಂಡ ಆಳದ ನೀರನ್ನು ಈ ಬಾರಿ ಆರಿಸಿಕೊಳ್ಳಲಾಗಿತ್ತು.