ನಿಯಂತ್ರಣ ಫಲಕಗಳ ಕೀಲೆಣ್ಣೆ (ಸ್ವನಿರ್ಮಿತ ವಿಮಾನ)

ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್, ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರ್, ಎಡಬಲಕ್ಕೆ ತಿರುಗಿಸುವ ರಡ್ಡರ್, ಇಳಿಯುವಾಗ ಕೆಳಗೆ ಬಾಗುವ ಫ್ಲಾಪ್ ಇವೆಲ್ಲ ಕೀಲುಗಳ ಮೇಲೆ ಆಡುತ್ತವೆ. ಆ ಕೀಲುಗಳು ಸವೆಯದಂತೆ, ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಕೆಲಸವಿದು. ಕಾರ್ಖಾನೆಯಿಂದ ಬಂದ ವಿಮಾನಕ್ಕೆ ಎಲ್ಲಿಗೆ ಯಾವ ಎಣ್ಣೆ, ಎಷ್ಟು ಗಂಟೆಗೊಮ್ಮೆ ಎಂಬ ಪಟ್ಟಿ ಜೊತೆಗೇ ಇರುತ್ತದೆ. ಮನೆಯ ಶೆಡ್ಡಿನಲ್ಲಿ ಕಟ್ಟಿದ ವಿಮಾನದಲ್ಲಿ ಆ ಹೊಣೆ ಬಹುಮಟ್ಟಿಗೆ ಕಟ್ಟಿದವರದೇ.

ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಆರಂಭಿಸಿದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ, ಮನೆಯಲ್ಲೇ ಜೋಡಿಸಬಹುದಾದ ಕಿಟ್‌ಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಆರ್‌ವಿ ವಿಮಾನಗಳು ಹಾರಿವೆ. ಆರ್‌ವಿ-7 ಒಂದರಲ್ಲೇ ಬಗೆಬಗೆಯ ಕೀಲುಗಳಿವೆ. ಫ್ಲಾಪ್‌ಗೆ ಮತ್ತು ಎಲಿವೇಟರ್‌ನ ಹಿಂದಂಚಿನ ಪುಟ್ಟ ಫಲಕವಾದ ಟ್ರಿಮ್ ಟ್ಯಾಬ್‌ಗೆ ಉದ್ದಕ್ಕೂ ಸಾಗುವ ಪಿಯಾನೋ ಹಿಂಜ್. ಎಲಿವೇಟರ್, ರಡ್ಡರ್‌ಗಳಿಗೆ ಸರಳಿನ ತುದಿಯಲ್ಲಿ ಗುಂಡು ಕೂರಿಸಿದ ರಾಡ್ ಎಂಡ್ ಬೇರಿಂಗ್.

ಹೆಚ್ಚು ಗಮನ ಬೇಡುವುದು ಪಿಯಾನೋ ಹಿಂಜ್. ಅಲ್ಯೂಮಿನಿಯಮ್ ಕುಣಿಕೆಗಳ ಸಾಲಿನೊಳಗೆ ಉಕ್ಕಿನ ತಂತಿ ತೂರಿರುತ್ತದೆ. ಗಟ್ಟಿ ಲೋಹ ಮೆತ್ತನೆಯದನ್ನು ತಿನ್ನುತ್ತದೆ. ಸವೆದು ಉದುರಿದ ಪುಡಿ ಆಕ್ಸೈಡ್ ಆಗಿ, ತಾನೇ ಉಜ್ಜುಪುಡಿಯಂತೆ ಕೆಲಸ ಮಾಡುತ್ತದೆ. ಕೀಲಿನ ಸುತ್ತ ಮಸಿಯಂಥ ಗೆರೆ ಕಂಡರೆ ಸವೆತ ಶುರುವಾಗಿದೆ ಎಂದೇ ಅರ್ಥ. ಮೊದಲು ಒರೆಸಿ, ಪ್ರತಿ ಕುಣಿಕೆಯ ಸಂದಿಗೆ ತೆಳುವಾದ ಎಣ್ಣೆಯ ಒಂದೊಂದು ಹನಿ ಬಿಟ್ಟು, ಫಲಕವನ್ನು ಪೂರ್ತಿ ಆಡಿಸಿ, ಹೊರಬಂದದ್ದನ್ನು ಬಟ್ಟೆಯಿಂದ ತೆಗೆಯಬೇಕು. ಧಾರಾಳವಾಗಿ ಸುರಿದ ಎಣ್ಣೆ ಧೂಳನ್ನು ಕಲಸಿಕೊಂಡು ಕೀಲನ್ನೇ ಅರೆಯುತ್ತದೆ. ಧೂಳಿನ ರನ್‌ವೇ ಇರುವಲ್ಲಿ ಒಣಗಿ ಪದರವಾಗುವ ಟೆಫ್ಲಾನ್ ಲೇಪನ ಮೇಲು. ಗ್ರ್ಯಾಫೈಟ್ ಪುಡಿ ಮಾತ್ರ ಬೇಡ: ತೇವ ಸೇರಿದರೆ ಅದು ಅಲ್ಯೂಮಿನಿಯಮನ್ನು ಕೊರೆದುಹಾಕುತ್ತದೆ. ಎಲ್ಲರ ಕೈಗೂ ಮೊದಲು ಸಿಗುವ ಡಬ್ಲ್ಯೂಡಿ-40 ಮೂಲತಃ ನೀರನ್ನು ಹೊರದೂಡಲು ರೂಪಿಸಿದ್ದು. ಅದರ ದ್ರಾವಕ ಆರಿದ ಮೇಲೆ ಉಳಿಯುವ ಪದರ ಬಹಳ ತೆಳು.

ಬೇರಿಂಗ್‌ಗಳ ವಿಷಯ ಬೇರೆ. ಲೋಹಕ್ಕೆ ಲೋಹ ತಾಗುವ ರಾಡ್ ಎಂಡ್‌ಗೆ ತೆಳು ಎಣ್ಣೆ ಸಾಕು. ಟೆಫ್ಲಾನ್ ಒಳಪದರದ್ದಕ್ಕೆ ಏನೂ ಹಾಕಬಾರದು. ಮುಚ್ಚಿದ ಬಾಲ್ ಬೇರಿಂಗ್‌ಗೆ ಸ್ಪ್ರೇ ಹೊಡೆದರೆ ಒಳಗಿನ ಗ್ರೀಸ್ ಕರಗಿ ಹೊರಬರುತ್ತದೆ.

ಸಡಿಲವಾದ ಕೀಲನ್ನು ಯಾವ ಎಣ್ಣೆಯೂ ಬಿಗಿ ಮಾಡದು. ಸಡಿಲಿಕೆ ಹೆಚ್ಚಿದರೆ ವೇಗದಲ್ಲಿ ಫಲಕ ತಾನೇ ಕಂಪಿಸತೊಡಗುತ್ತದೆ. ಫ್ಲಟರ್ ಎನಿಸುವ ಈ ಕಂಪನ ಕ್ಷಣಗಳಲ್ಲಿ ಬಾಲವನ್ನೇ ಮುರಿಯಬಲ್ಲದು. ಹಾಗಾಗಿ ಎಣ್ಣೆ ಹಾಕುವ ಹೊತ್ತೇ ತಪಾಸಣೆಯ ಹೊತ್ತೂ ಹೌದು: ಫಲಕದ ಹಿಂದಂಚನ್ನು ಹಗುರವಾಗಿ ಅಲುಗಿಸಿ ನೋಡಬೇಕು, ಕುಣಿಕೆಗಳಲ್ಲಿ ಬಿರುಕು ಹುಡುಕಬೇಕು. ಜಿಡ್ಡಿನ ಕೊರತೆ ಎಂಥ ಅನಾಹುತ ತರಬಲ್ಲದೆಂಬುದು ದೊಡ್ಡ ವಿಮಾನಗಳಲ್ಲೂ ಕಂಡಿದೆ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಸಮುದ್ರಕ್ಕೆ ಬಿದ್ದು 88 ಮಂದಿ ಸತ್ತರು. ಬಾಲದ ಸ್ಟೆಬಿಲೈಜರನ್ನು ಆಡಿಸುವ ಸ್ಕ್ರೂವಿಗೆ ಸಾಕಷ್ಟು ಗ್ರೀಸ್ ಇಲ್ಲದೆ ಅದರ ನಟ್ಟಿನ ಎಳೆಗಳು ಸವೆದುಹೋಗಿದ್ದವು.

ಕೊನೆಯಲ್ಲಿ ಹಿಂಜಿನ ತಂತಿಯ ಎರಡೂ ತುದಿಗಳನ್ನು ನೋಡಬೇಕು. ಜಿಡ್ಡು ತಾಗಿದ ತಂತಿ ಸುಲಭವಾಗಿ ಜಾರುತ್ತದೆ. ತುದಿಯನ್ನು ಬಂಧಿಸಿದ ಸೇಫ್ಟಿ ವೈರ್ ಸಡಿಲವಿದ್ದರೆ ಹಾರುವ ಮೊದಲೇ ಅದನ್ನು ಹೊಸದಾಗಿ ಕಟ್ಟಬೇಕು.