ಪ್ರಾರ್ಥನಾ ಮಂದಿರದಲ್ಲಿ ಕುಳಿತ ಸಂಸತ್ತು



ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಸಭೆಯ ದೃಶ್ಯವನ್ನು ನೀವು ದೂರದರ್ಶನದ ವಾರ್ತೆಗಳಲ್ಲಿ ನೋಡಿರಬಹುದು. ಆಡಳಿತ ಪಕ್ಷದವರು ಒಂದು ಬದಿ, ವಿರೋಧ ಪಕ್ಷದವರು ಇನ್ನೊಂದು ಬದಿ, ನಡುವೆ ಕಿರಿದಾದ ಜಾಗ. ನಮ್ಮ ಲೋಕಸಭೆಯಲ್ಲಾದರೋ ಆಸನಗಳ ಸಾಲು ಕುದುರೆಯ ಲಾಳದಂತೆ ಬಾಗಿದೆ. ಈ ವ್ಯತ್ಯಾಸವೇಕೆ? ಉತ್ತರಕ್ಕಾಗಿ ರಾಜ್ಯಶಾಸ್ತ್ರದ ಪುಸ್ತಕವನ್ನು ಬದಿಗಿಟ್ಟು, ಒಂದು ಹಳೆಯ ಕಟ್ಟಡದೊಳಕ್ಕೆ ಹೋಗೋಣ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯಲ್ಲಿ ಒಂದನೇ ಎಡ್ವರ್ಡ್ ದೊರೆ 1292ರಲ್ಲಿ ಸೇಂಟ್ ಸ್ಟೀಫನ್ನರ ಪ್ರಾರ್ಥನಾ ಮಂದಿರವನ್ನು ಕಟ್ಟಿಸಲು ತೊಡಗಿದ. ಕೆಲಸ ನಿಂತು ನಿಂತು ಸಾಗಿ, ಅವನ ಮೊಮ್ಮಗ ಮೂರನೇ ಎಡ್ವರ್ಡನ ಕಾಲದಲ್ಲಿ, 1348ರ ಸುಮಾರಿಗೆ, ಕಟ್ಟಡ ಮುಗಿಯಿತು. ಅದಕ್ಕೆ ಎರಡು ಅಂತಸ್ತು. ಮೇಲಿನ ಅಂತಸ್ತು ರಾಜಪರಿವಾರಕ್ಕೆ ಮೀಸಲು. ಎತ್ತರದ ಕಿಟಕಿಗಳಲ್ಲಿ ಬಣ್ಣದ ಗಾಜು, ಗೋಡೆಗಳ ಮೇಲೆ ಚಿತ್ರಗಳು. ಮಂದಿರದ ಉದ್ದ ಅಗಲದ ಸುಮಾರು ಮೂರು ಪಟ್ಟು. ಪಾದ್ರಿಗಳು ಮತ್ತು ಗಾಯಕರು ಎರಡು ಉದ್ದ ಗೋಡೆಗಳ ಗುಂಟ ಎದುರುಬದುರಾಗಿ ಕುಳಿತುಕೊಳ್ಳುತ್ತಿದ್ದರು. ಒಂದು ಸಾಲನ್ನು ಈ ಬದಿಯವರು ಹಾಡಿದರೆ, ಮುಂದಿನದನ್ನು ಆ ಬದಿಯವರು ಹಾಡುವ ಪದ್ಧತಿಗೆ ಅದು ಹೇಳಿಮಾಡಿಸಿದ ಏರ್ಪಾಡು.

ಆಗ ಕಾಮನ್ಸ್ ಸಭೆಗೆ ಸ್ವಂತ ಮನೆಯೇ ಇರಲಿಲ್ಲ. ಪಕ್ಕದ ಕ್ರೈಸ್ತ ಮಠದ ಕೊಠಡಿಗಳಲ್ಲಿ ಸೇರುತ್ತಿತ್ತು. 1547ರಲ್ಲಿ, ಬಾಲಕ ದೊರೆ ಆರನೇ ಎಡ್ವರ್ಡನ ಆಳ್ವಿಕೆಯಲ್ಲಿ, ಇಂಥ ಧಾರ್ಮಿಕ ಸಂಸ್ಥೆಗಳನ್ನು ರದ್ದುಪಡಿಸುವ ಕಾನೂನು ಬಂತು. ಖಾಲಿಯಾದ ಮಂದಿರ ಸ್ವಲ್ಪ ಕಾಲದಲ್ಲೇ ಸದಸ್ಯರ ಪಾಲಿಗೆ ಬಂತು. ಹೊಸದಾಗಿ ಯೋಚಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಗಾಯಕರಿದ್ದ ಕಡೆ ಸದಸ್ಯರು ಕುಳಿತರು. ಬಲಿಪೀಠವಿದ್ದ ಕಡೆ ಸಭಾಧ್ಯಕ್ಷರ ಪೀಠ ಬಂತು. ಮುಂಭಾಗದ ಅಂಕಣ ಲಾಬಿಯಾಯಿತು.

ಒಂದು ಮಾತನ್ನು ಇಲ್ಲಿ ಎಚ್ಚರದಿಂದ ಹೇಳಬೇಕು. ಬೆಂಚುಗಳು ಪಕ್ಷಗಳನ್ನು ಹುಟ್ಟಿಸಲಿಲ್ಲ. ಟೋರಿ, ವಿಗ್ ಎಂಬ ಪಕ್ಷಗಳು ರೂಪುಗೊಂಡದ್ದು ಹದಿನೇಳನೆಯ ಶತಮಾನದ ಕೊನೆಯಲ್ಲಿ. ಆದರೆ ಅವು ಬರುವ ವೇಳೆಗೆ ಎದುರುಬದುರು ಕೂರುವ ಜಾಗ ನೂರು ವರ್ಷಗಳಿಂದ ಸಿದ್ಧವಾಗಿಯೇ ಇತ್ತು. ಭಿನ್ನಮತಕ್ಕೆ ಆ ಕೋಣೆ ಒಂದು ಆಕಾರ ಕೊಟ್ಟಿತು.

ಮಂದಿರವೂ ಬೆಲೆ ತೆರಬೇಕಾಯಿತು. 1692ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಚಾವಣಿಯನ್ನು ತಗ್ಗಿಸಿ, ಗ್ಯಾಲರಿಗಳನ್ನು ಕೂಡಿಸಿ, ಒಳಗೋಡೆಗಳನ್ನು ಮರದ ಹಲಗೆಗಳಿಂದ ಮುಚ್ಚಿದ. 1800ರಲ್ಲಿ ಐರ್ಲೆಂಡಿನ 100 ಸದಸ್ಯರಿಗೆ ಜಾಗ ಮಾಡಲು ಜೇಮ್ಸ್ ವ್ಯಾಟ್ ಗೋಡೆಗಳನ್ನೇ ಕೊರೆದು ತೆಳುಮಾಡಿದ. ಹಲಗೆಗಳ ಹಿಂದೆ ಉಳಿದಿದ್ದ ಮಧ್ಯಯುಗದ ಚಿತ್ರಗಳು ನಾಶವಾದವು. ಕೆಲವು ತುಣುಕುಗಳು ಮಾತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಈ ಕೋಣೆ ನಮಗೂ ಸಂಬಂಧಿಸಿದ್ದು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಕುರಿತ 1773, 1784, 1813 ಮತ್ತು 1833ರ ಕಾಯಿದೆಗಳನ್ನು ಕಾಮನ್ಸ್ ಸಭೆ ಚರ್ಚಿಸಿದ್ದು ಇಲ್ಲಿಯೇ. ಒಬ್ಬನೇ ಒಬ್ಬ ಭಾರತೀಯ ಪ್ರತಿನಿಧಿ ಆ ಎರಡೂ ಬದಿಗಳಲ್ಲಿ ಇರಲಿಲ್ಲ.

1834ರ ಅಕ್ಟೋಬರ್ 16ರಂದು ಖಜಾನೆಯ ಹಳೆಯ ಲೆಕ್ಕದ ಕಡ್ಡಿಗಳನ್ನು ಅರಮನೆಯ ಒಲೆಗಳಲ್ಲಿ ಸುಡಲಾಯಿತು. ಹಣದ ಮೊತ್ತವನ್ನು ಗೀಟುಗಳಾಗಿ ಕೊರೆದ ಮರದ ಕಡ್ಡಿಗಳವು. ಹೊಗೆಕೊಳವೆಗಳು ಅತಿಯಾಗಿ ಕಾದು ಬೆಂಕಿ ಹತ್ತಿತು. ಮೇಲಿನ ಮಂದಿರ ಉರಿದುಹೋಯಿತು. ಕಲ್ಲಿನ ಕಮಾನುಗಳ ಕೆಳ ಅಂತಸ್ತು ಉಳಿಯಿತು.

ಮಂದಿರ ಹೋದರೂ ಅದರ ರೂಪ ಹೋಗಲಿಲ್ಲ. ಚಾರ್ಲ್ಸ್ ಬ್ಯಾರಿ ಕಟ್ಟಿದ ಹೊಸ ಸಭಾಂಗಣದಲ್ಲೂ ಬೆಂಚುಗಳು ಎದುರುಬದುರೇ. ಅದು 1941ರ ಮೇ ತಿಂಗಳಲ್ಲಿ ಜರ್ಮನಿಯ ಬಾಂಬುಗಳಿಗೆ ಬಲಿಯಾದಾಗ, ಅರ್ಧವೃತ್ತದ ಸಭಾಂಗಣ ಕಟ್ಟುವ ಅವಕಾಶವಿತ್ತು. ಆದರೆ 1943ರಲ್ಲಿ ಪ್ರಧಾನಿ ಚರ್ಚಿಲ್ ಹಳೆಯ ಆಯತಾಕಾರವೇ ಇರಲಿ ಎಂದು ವಾದಿಸಿದರು. ಅರ್ಧವೃತ್ತದಲ್ಲಿ ಸದಸ್ಯ ಎಡದಿಂದ ಬಲಕ್ಕೆ ಮೆಲ್ಲನೆ ಸರಿಯಬಹುದು. ಇಲ್ಲಿ ಪಕ್ಷ ಬದಲಿಸುವವನು ಎಲ್ಲರ ಕಣ್ಣೆದುರು ನಡುವಿನ ಜಾಗ ದಾಟಬೇಕು ಎಂಬುದು ಅವರ ವಾದದ ಸಾರ. 1950ರಲ್ಲಿ ಸಭಾಂಗಣ ಮತ್ತೆ ತೆರೆಯಿತು. ಇಂದಿನ 650 ಸದಸ್ಯರಿಗೆ ಅಲ್ಲಿರುವ ಆಸನಗಳು ಕೇವಲ 427.

ನೀವೇ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದೇ ವಿಷಯವನ್ನು ತರಗತಿಯಲ್ಲಿ ಒಮ್ಮೆ ಎದುರುಬದುರು ಕುಳಿತು, ಇನ್ನೊಮ್ಮೆ ವೃತ್ತಾಕಾರವಾಗಿ ಕುಳಿತು ಚರ್ಚಿಸಿ. ನಿಮ್ಮ ಮಾತು ಬದಲಾಯಿತೇ? ಬದಲಾದರೆ, ಬೆಂಚುಗಳನ್ನು ಹಾಗೆ ಇಟ್ಟವರು ಯಾರು, ಯಾವ ಕಾರಣಕ್ಕೆ ಎಂದು ಕೇಳಿ. ಇತಿಹಾಸದ ಅಧ್ಯಯನ ಅಲ್ಲಿಂದಲೇ ಆರಂಭವಾಗಬಹುದು.